ಅಮ್ಮನಾದ ಮೇಲೆ ಮತ್ತೆ ‘ನೈಟ್’

ನೂರಿಪ್ಪತ್ತು ಪುಟದ ಸಣ್ಣ ಪುಸ್ತಕ. ಕಾಲೇಜಿನಲ್ಲಿದ್ದಾಗ ಒಂದೇ ರಾತ್ರಿ ಕೂತು ಮುಗಿಸಿದ್ದೆ. ಈ ಸಲ ಹನ್ನೊಂದು ದಿನ ಬೇಕಾಯ್ತು. ನಡುವೆ ನಾಲ್ಕು ದಿನ ಅದನ್ನು ಬಟ್ಟೆ ಕಪಾಟಿನ ಮೇಲೆ, ಸ್ಟೂಲ್ ಹಾಕಿಕೊಂಡು ಹತ್ತಿದರೆ ಮಾತ್ರ ಸಿಗುವ ಕಡೆ ಎತ್ತಿಟ್ಟಿದ್ದೆ. ಮಕ್ಕಳ ಕೈಗೆ ಸಿಗಬಾರದು ಅಂತ ಗಂಡನಿಗೆ ಹೇಳಿದೆ. ಅವರು ಸುಮ್ನೆ ನನ್ನ ಮುಖ ನೋಡಿದರು. ಯಾರ ಕೈಗೆ ಸಿಗಬಾರದು ಅಂತ ಇಟ್ಟಿದ್ದೆ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಪುಸ್ತಕ ಎಲಿ ವೀಸೆಲ್ ಅವರ ‘ನೈಟ್’. ನಾಜಿಗಳ ಯಾತನಾ ಶಿಬಿರದಿಂದ ಬದುಕಿ ಬಂದ ಹುಡುಗನ ಕಥನ. ವೀಸೆಲ್ ಹುಟ್ಟಿದ್ದು 1928ರಲ್ಲಿ, ಸಿಗೆಟ್ ಎಂಬ ಊರಿನಲ್ಲಿ. ಇವತ್ತು ಅದು ರೊಮೇನಿಯಾದಲ್ಲಿದೆ. ಯುದ್ಧದ ಹೊತ್ತಿಗೆ ಹಂಗೇರಿಯ ಕೈಯಲ್ಲಿತ್ತು. 1944ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಹಂಗೇರಿಗೆ ಬಂತು. ಮೇ ತಿಂಗಳಲ್ಲಿ ಸಿಗೆಟ್‌ನ ಯೆಹೂದಿಗಳನ್ನು ದನ ಸಾಗಿಸುವ ಬೋಗಿಗಳಲ್ಲಿ, ಒಂದೊಂದರಲ್ಲಿ 80 ಜನರಂತೆ ತುಂಬಿ ಆಶ್ವಿಟ್ಜ್ ಯಾತನಾ ಶಿಬಿರಕ್ಕೆ ಕಳಿಸಿದರು. ಮೇ ಮಧ್ಯದಿಂದ ಜುಲೈ ಮೊದಲ ವಾರದವರೆಗೆ, ಸುಮಾರು ಎಂಟೇ ವಾರದಲ್ಲಿ, ಹಂಗೇರಿಯಿಂದ ಹೀಗೆ ಸಾಗಿಸಿದ್ದು ಸುಮಾರು 4,40,000 ಜನರನ್ನು. ವೀಸೆಲ್‌ಗೆ ಆಗ 15 ವರ್ಷ. ಮನೆಯಲ್ಲಿ ಅಪ್ಪ, ಅಮ್ಮ, ಇಬ್ಬರು ಅಕ್ಕಂದಿರು, ಏಳು ವರ್ಷದ ತಂಗಿ ಟ್ಸಿಪೋರಾ.

ಯಾವ ಪ್ರತಿ ಕೊಳ್ಳಬೇಕು ಅಂತ ಕೇಳುವವರಿಗೆ: ಇಂಗ್ಲಿಷಿನಲ್ಲಿ ಎರಡು ಅನುವಾದ ಇವೆ. ನಾನು ಮೊದಲು ಓದಿದ್ದು 1960ರದ್ದು. ಈಗ ತಂದಿದ್ದು 2006ರದ್ದು, ಅವರ ಹೆಂಡತಿ ಮೇರಿಯನ್ ವೀಸೆಲ್ ಮಾಡಿದ್ದು. ಎರಡನೆಯದನ್ನೇ ತಗೊಳ್ಳಿ. ಭಾಷೆ ಸಲೀಸು, ಡಿಕ್ಷನರಿ ಬೇಕಾಗಲ್ಲ. ಕೊನೆಯಲ್ಲಿ 1986ರ ನೊಬೆಲ್ ಶಾಂತಿ ಪ್ರಶಸ್ತಿಯ ಭಾಷಣವೂ ಇದೆ. ಶುರುವಿನಲ್ಲಿ ವೀಸೆಲ್ ಅವರದೇ ಹೊಸ ಮುನ್ನುಡಿ ಇದೆ, ಆದರೆ ಅದನ್ನು ಕೊನೆಗೆ ಓದಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಫ್ರಾನ್ಸಿನ ಹಿರಿಯ ಲೇಖಕ ಫ್ರಾಂಸ್ವಾ ಮೊರಿಯಾಕ್ ಅವರ ಮಾತೂ ಇದೆ. ಅವರ ಧರ್ಮದ ಚರ್ಚೆ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಒಂದು ವಿಷಯ ಮಾತ್ರ ಉಳಿಯಿತು. ಪ್ಯಾರಿಸ್ಸಿನ ಆಸ್ಟರ್ಲಿಟ್ಜ್ ಸ್ಟೇಷನ್ನಿನಲ್ಲಿ ಯೆಹೂದಿ ಮಕ್ಕಳನ್ನು ತುಂಬಿದ ರೈಲನ್ನು ಅವರ ಹೆಂಡತಿ ನೋಡಿದ್ದರಂತೆ. ಮನೆಗೆ ಬಂದು ಗಂಡನಿಗೆ ಹೇಳಿದ್ದರಂತೆ. ತಾವೇ ಕಣ್ಣಾರೆ ನೋಡದಿದ್ದರೂ ಮೊರಿಯಾಕ್ ಅದನ್ನು ಮರೆತಿರಲಿಲ್ಲ.

ಇನ್ನೊಂದು ವಿಷಯ. ಯಿಡ್ಡಿಷ್ (ಪೂರ್ವ ಯುರೋಪಿನ ಯೆಹೂದಿಗಳ ಮಾತು) ಭಾಷೆಯ ಮೊದಲ ಹಸ್ತಪ್ರತಿ 862 ಪುಟ ಇತ್ತಂತೆ. 1956ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಚ್ಚಾದಾಗ ಅದು 245 ಪುಟಕ್ಕೆ ಇಳಿದಿತ್ತು. 1958ರ ಫ್ರೆಂಚ್ ಪುಸ್ತಕ ಇನ್ನೂ ಸಣ್ಣದು. ಹೀಗೆ ಕತ್ತರಿಸಿ ಕತ್ತರಿಸಿ ಉಳಿದಿದ್ದು ನಮ್ಮ ಕೈಯಲ್ಲಿರುವುದು. ಓದುವಾಗ ಇದು ಗೊತ್ತಾಗುತ್ತದೆ. ಉಸಿರು ಬಿಡೋಕೆ ಒಂದು ಮರ, ಒಂದು ಆಕಾಶದ ವರ್ಣನೆ ಅಂತ ಎಲ್ಲೂ ಸಿಗಲ್ಲ.

ಇಪ್ಪತ್ತನೇ ವಯಸ್ಸಿನಲ್ಲಿ ಓದಿದಾಗ ನನಗೆ ಜಾಸ್ತಿ ಬಂದಿದ್ದು ಸಿಟ್ಟು. ಅದೂ ಹುಡುಗನ ಅಪ್ಪನ ಮೇಲೆ. ಮೋಯ್ಶೆ ಅನ್ನುವ ಬಡವ ಒಬ್ಬ ಹತ್ಯಾಕಾಂಡದಿಂದ ತಪ್ಪಿಸಿಕೊಂಡು ಊರಿಗೆ ವಾಪಸ್ ಬರುತ್ತಾನೆ. ನೋಡಿದ್ದನ್ನೆಲ್ಲ ಮನೆಮನೆಗೆ ಹೋಗಿ ಹೇಳುತ್ತಾನೆ. ಯಾರೂ ನಂಬುವುದಿಲ್ಲ. ಆಗಿನ್ನೂ ಪ್ಯಾಲೆಸ್ತೀನ್‌ಗೆ ಹೋಗುವ ಪರವಾನಗಿ ದುಡ್ಡು ಕೊಟ್ಟರೆ ಸಿಗುತ್ತಿತ್ತು. ಎಲ್ಲ ಮಾರಿ ಹೋಗೋಣ ಅಂತ ಮಗ ಕೇಳುತ್ತಾನೆ. ದೂರದ ನಾಡಿನಲ್ಲಿ ಹೊಸದಾಗಿ ಬದುಕು ಶುರು ಮಾಡೋಕೆ ನನಗೆ ವಯಸ್ಸಾಯ್ತು ಅನ್ನುತ್ತಾರೆ ಅಪ್ಪ. ಯೆಹೂದಿಗಳೆಲ್ಲ ಬಟ್ಟೆ ಮೇಲೆ ಹಳದಿ ನಕ್ಷತ್ರ ಹಾಕಿಕೊಳ್ಳಬೇಕು ಅಂತ ಆಜ್ಞೆ ಬಂದಾಗ, ಅದರಿಂದೇನು ಸಾಯಲ್ಲವಲ್ಲ ಅನ್ನುತ್ತಾರೆ. ಮುಂದಿನ ಸಾಲಿನಲ್ಲೇ ಮಗ, ಎಷ್ಟೋ ವರ್ಷದ ಮೇಲೆ ಬರೆಯುತ್ತಾ, ಪಾಪ ಅಪ್ಪ, ಹಾಗಾದರೆ ನೀನು ಯಾತರಿಂದ ಸತ್ತೆ ಅಂತ ಕೇಳುತ್ತಾನೆ. ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೆ. ಲೈಬ್ರರಿ ಪುಸ್ತಕ ಅದು, ತಪ್ಪು. ಆದರೆ ಸಿಟ್ಟು ಅಷ್ಟಿತ್ತು. ಎದ್ದು ಹೊರಡೋದು ಬಿಟ್ಟು ಈ ಮನುಷ್ಯ ಏನು ಮಾಡ್ತಿದ್ದಾನೆ?

ಈಗ ನನಗೆ 41. ಬಾಡಿಗೆ ಮನೆ ಬದಲಾಯಿಸಬೇಕು ಅಂತ ಎರಡು ವರ್ಷದಿಂದ ಮಾತಾಡುತ್ತಿದ್ದೇವೆ. ಮಗನ ಶಾಲೆ ದೂರ ಆಗುತ್ತೆ ಅಂತ ಮುಂದಕ್ಕೆ ಹಾಕುತ್ತಲೇ ಇದ್ದೇವೆ. ಕೆಟ್ಟ ಸುದ್ದಿ ಬಂದರೆ ಟಿವಿ ಆರಿಸಿ ಮಗಳ ಕಾಪಿರೈಟಿಂಗ್ ನೋಡೋಕೆ ಕೂರುವವಳು ನಾನು. ಆ ಅಪ್ಪನನ್ನು ಬೈಯೋಕೆ ಈ ಸಲ ಬಾಯಿ ಬರಲಿಲ್ಲ. ಅವರಿಗೆ ಐವತ್ತು ವರ್ಷ, ಅಂಗಡಿ ಇತ್ತು, ಊರವರೆಲ್ಲ ಸಲಹೆ ಕೇಳಿಕೊಂಡು ಅವರ ಹತ್ತಿರ ಬರುತ್ತಿದ್ದರು. ರಷ್ಯನ್ನರು ಹತ್ತಿರ ಬಂದಿದ್ದಾರೆ, ಯುದ್ಧ ಇನ್ನೇನು ಮುಗಿಯುತ್ತೆ ಅಂತ ಊರಿಗೆ ಊರೇ ನಂಬಿತ್ತು. ಇಷ್ಟು ದಿನ ಕಾದಿದ್ದೇವೆ, ಇನ್ನೊಂದು ತಿಂಗಳು ಅಲ್ವಾ ಅನ್ನುವ ಲೆಕ್ಕ. ನಾನೂ ಅದೇ ಲೆಕ್ಕ ಹಾಕುತ್ತಿದ್ದೆ.

ಕಾಪಾಡೋಕೆ ಅಂತ ಇಬ್ಬರು ಬಾಗಿಲವರೆಗೂ ಬಂದ ಕಥೆಗಳೂ ಇವೆ. ಒಂದು ರಾತ್ರಿ ಘೆಟ್ಟೋದ (ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿ) ಮನೆಯಲ್ಲಿ, ಮೊಳೆ ಹೊಡೆದು ಮುಚ್ಚಿದ್ದ ಕಿಟಕಿಯನ್ನು ಹೊರಗಿನಿಂದ ಯಾರೋ ತಟ್ಟುತ್ತಾರೆ. ಕಿಟಕಿ ತೆಗೆಯುವಷ್ಟರಲ್ಲಿ ಯಾರೂ ಇಲ್ಲ. ಅಪಾಯ ಬಂದರೆ ತಿಳಿಸುತ್ತೇನೆ ಅಂತ ಮಾತು ಕೊಟ್ಟಿದ್ದ ಪೊಲೀಸ್ ಅಧಿಕಾರಿಯೇ ಅದು ಅಂತ ಯುದ್ಧ ಮುಗಿದ ಮೇಲೆ ಗೊತ್ತಾಗುತ್ತದೆ. ಆಮೇಲೆ ಮಾರಿಯಾ ಬರುತ್ತಾಳೆ, ಹಿಂದೆ ಮನೆಗೆಲಸಕ್ಕಿದ್ದವಳು. ನಮ್ಮ ಹಳ್ಳಿಯಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗ ಮಾಡಿದ್ದೇನೆ, ಬನ್ನಿ ಅಂತ ಅಳುತ್ತಾ ಕರೆಯುತ್ತಾಳೆ. ಅಪ್ಪ ಒಪ್ಪುವುದಿಲ್ಲ. ದೊಡ್ಡ ಮಕ್ಕಳು ಬೇಕಾದರೆ ಹೋಗಿ, ನಾನು ನಿಮ್ಮಮ್ಮ ಮತ್ತು ಚಿಕ್ಕವಳ ಜೊತೆ ಇಲ್ಲೇ ಇರುತ್ತೇನೆ ಅನ್ನುತ್ತಾರೆ. ಮಕ್ಕಳು ಬಿಟ್ಟು ಹೋಗಲಿಲ್ಲ. ಇಷ್ಟೇ. ನಾಲ್ಕೈದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ನಾಲ್ಕೈದು ಸಾಲು ಓದಿ ನಾನು ಎದ್ದು ಹೋಗಿ ಗ್ಯಾಸ್ ಆರಿಸಿದೆಯಾ ಅಂತ ನೋಡಿ ಬಂದೆ. ಬಾಗಿಲು ಹಾಕಿದೆಯಾ ಅಂತಲೂ ನೋಡಿದೆ.

ಪುಸ್ತಕವನ್ನು ಕಪಾಟಿನ ಮೇಲೆ ಎತ್ತಿಡಬೇಕು ಅನ್ನಿಸೋಕೆ ಶುರುವಾಗಿದ್ದು ಇನ್ನೂ ಸ್ವಲ್ಪ ಮುಂದೆ ಹೋದ ಮೇಲೆ. ಮನೆ ಬಿಟ್ಟು ಎಲ್ಲರೂ ಗಂಟು ಹೊತ್ತು ನಡೆಯುತ್ತಿದ್ದಾರೆ. ಟ್ಸಿಪೋರಾ ಚೆನ್ನಾಗಿ ತಲೆ ಬಾಚಿಕೊಂಡಿದ್ದಾಳೆ. ತೋಳಿನ ಮೇಲೆ ಕೆಂಪು ಕೋಟು. ಬೆನ್ನ ಮೇಲೆ ಅವಳಿಗೆ ಹೊರಲಾಗದಷ್ಟು ಭಾರದ ಚೀಲ. ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದಾಳೆ. ಹೇಳಿಕೊಂಡು ಪ್ರಯೋಜನ ಇಲ್ಲ ಅಂತ ಅವಳಿಗೆ ಆಗಲೇ ಗೊತ್ತಾಗಿದೆ.

ನನ್ನ ಮಗಳಿಗೂ ಏಳು ವರ್ಷ. ಬ್ಯಾಗ್ ಭಾರ ಅಂತ ದಿನಾ ಬೆಳಗ್ಗೆ ರಗಳೆ ಮಾಡುತ್ತಾಳೆ. ನೀರಿನ ಬಾಟಲಿ ನೀನೇ ಇಟ್ಕೋ ಅಂತ ನನ್ನ ಕೈಗೆ ಕೊಡುತ್ತಾಳೆ, ಗೇಟಿನ ಹತ್ತಿರ ವಾಪಸ್ ತಗೊಳ್ಳುತ್ತಾಳೆ. ಆ ಸಾಲು ಓದಿದ ಮರುದಿನ ಬೆಳಗ್ಗೆ ಅವಳು ರಗಳೆ ಮಾಡಿದಾಗ ನಾನು ಬೈಯಲಿಲ್ಲ. ಇನ್ನಷ್ಟು ಮಾಡಲಿ ಅನ್ನಿಸಿತು. ರಗಳೆ ಮಾಡುವ ಮಗು ಅಂದರೆ ಯಾರೋ ಕೇಳುತ್ತಾರೆ ಅಂತ ನಂಬಿರುವ ಮಗು.

ಮೊದಲ ಸಲ ಓದಿದಾಗ ಈ ಕೆಂಪು ಕೋಟು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ರೈಲಿನ ಭಾಗದಲ್ಲೂ ಹಾಗೇ ಆಯ್ತು. ಬೋಗಿಯಲ್ಲಿ ಶೆಕ್ಟರ್ ಎಂಬ ಹೆಂಗಸು ಇದ್ದಾಳೆ. ಗಂಡ ಮತ್ತು ದೊಡ್ಡ ಮಕ್ಕಳಿಬ್ಬರು ಮೊದಲೇ ಬೇರೆ ರೈಲಿನಲ್ಲಿ ಹೋಗಿಬಿಟ್ಟಿದ್ದಾರೆ. ರಾತ್ರಿ ಅವಳು ಇದ್ದಕ್ಕಿದ್ದಂತೆ ಬೆಂಕಿ, ಬೆಂಕಿ ಅಂತ ಕಿರುಚುತ್ತಾಳೆ. ಹೊರಗೆ ನೋಡಿದರೆ ಬರೀ ಕತ್ತಲು. ಜನ ಮೊದಲು ಸಮಾಧಾನ ಮಾಡುತ್ತಾರೆ, ಆಮೇಲೆ ಕಟ್ಟಿಹಾಕುತ್ತಾರೆ, ಬಾಯಿಗೆ ಬಟ್ಟೆ ತುರುಕುತ್ತಾರೆ, ಹೊಡೆಯುತ್ತಾರೆ. ರೈಲು ಆಶ್ವಿಟ್ಜ್ ಶಿಬಿರದ್ದೇ ಭಾಗವಾದ ಬಿರ್ಕೆನೌ ಮುಟ್ಟಿದಾಗ ನಿಜವಾಗಿಯೂ ಬೆಂಕಿ ಕಾಣುತ್ತದೆ. ಇಪ್ಪತ್ತರಲ್ಲಿ ನನಗೆ ನೆನಪುಳಿದಿದ್ದು ಆ ಭವಿಷ್ಯದ ಕೂಗು. ಅವಳ ಪಕ್ಕದಲ್ಲಿ ಹತ್ತು ವರ್ಷದ ಮಗ ಇದ್ದಾನೆ ಅನ್ನೋದು ಮರೆತೇಹೋಗಿತ್ತು. ಅವನು ಅಮ್ಮನ ಕೈ ಹುಡುಕುತ್ತಾ, ಅಲ್ಲಿ ಏನೂ ಇಲ್ಲಮ್ಮಾ, ಕೂತ್ಕೋಮ್ಮಾ ಅಂತ ಅಳುತ್ತಾನೆ. ಜನ ಅಮ್ಮನಿಗೆ ಹೊಡೆಯುವಾಗ ಅವಳನ್ನು ತಬ್ಬಿ ಹಿಡಿದುಕೊಂಡಿರುತ್ತಾನೆ. ಒಂದು ಮಾತೂ ಇಲ್ಲ. ಅಳುವನ್ನೂ ನಿಲ್ಲಿಸಿಬಿಟ್ಟಿದ್ದಾನೆ.

ಹೊಡೆದವರೂ ಅಪ್ಪ ಅಮ್ಮಂದಿರೇ ಅಲ್ವಾ? ಅವರ ಮಕ್ಕಳೂ ಆ ಬೋಗಿಯಲ್ಲೇ ಹೆದರಿಕೊಂಡು ಕೂತಿದ್ದರು. ಯಾರಾದರೂ ಅವಳ ಬಾಯಿ ಮುಚ್ಚಿಸಲಿ ಅಂತ ನಾನೂ ಬಯಸುತ್ತಿದ್ದೆನೇನೋ. ವೀಸೆಲ್ ಹೊಡೆದವರನ್ನು ಬೈಯುವುದೂ ಇಲ್ಲ, ಸಮರ್ಥಿಸುವುದೂ ಇಲ್ಲ. ಎಷ್ಟು ಏಟು ಬಿತ್ತು, ಜನ ಏನಂದರು, ಅಷ್ಟು ಹೇಳಿ ಮುಂದೆ ಹೋಗುತ್ತಾರೆ.

ರೈಲಿನಿಂದ ಇಳಿದ ಮೇಲೆ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಅಮ್ಮ ಟ್ಸಿಪೋರಾಳ ಕೈ ಹಿಡಿದುಕೊಂಡು, ಅವಳ ತಲೆ ಸವರುತ್ತಾ ದೂರ ಹೋಗುತ್ತಾರೆ. ಮಗ ಅಪ್ಪನ ಜೊತೆ ನಡೆಯುತ್ತಾನೆ. ಅಮ್ಮನನ್ನೂ ತಂಗಿಯನ್ನೂ ಬಿಟ್ಟು ಹೋಗುತ್ತಿರುವ ಹೊತ್ತು ಇದೇ ಅಂತ ಅವನಿಗೆ ಗೊತ್ತಿಲ್ಲ. ಪುಸ್ತಕದ ಕಾಲು ಭಾಗ ಇನ್ನೂ ಮುಗಿಯುತ್ತಿದೆ, ಅಷ್ಟರಲ್ಲಿ ಅಮ್ಮ ಕಥೆಯಿಂದ ಹೊರಗೆ.

ನನ್ನ ತಕರಾರು ಇದ್ದರೆ ಇಲ್ಲೇ, ಅದೂ ಪುಸ್ತಕದ ಮೇಲೆ ಅಲ್ಲ. ಅಮ್ಮನಾಗಿ ಓದುವವಳು ಆ ಪ್ಲಾಟ್‌ಫಾರಂ ಮೇಲೆ ಬಲಕ್ಕೆ ತಿರುಗುತ್ತಾಳೆ. ಪುಸ್ತಕ ಎಡಕ್ಕೆ ಹೋಗುತ್ತದೆ. ಚಿಕ್ಕ ಮಕ್ಕಳ ಕೈ ಹಿಡಿದಿದ್ದ ತಾಯಂದಿರನ್ನು ಮಕ್ಕಳ ಜೊತೆಗೇ ನೇರ ವಿಷಾನಿಲ ಬಿಟ್ಟು ಕೊಲ್ಲುವ ಗ್ಯಾಸ್ ಚೇಂಬರಿಗೆ ಕಳಿಸುತ್ತಿದ್ದರು. ಬೇರೆ ಮಾಡಿದರೆ ಗಲಾಟೆಯಾಗುತ್ತದೆ, ಕೆಲಸ ನಿಧಾನವಾಗುತ್ತದೆ ಅಂತ. ಮಗುವಿನ ಕೈ ಬಿಟ್ಟಿದ್ದರೆ ಎಷ್ಟೋ ತಾಯಂದಿರು ಕೆಲಸಕ್ಕೆ ಆಗುವವರು ಅಂತ ಲೆಕ್ಕಕ್ಕೆ ಸಿಕ್ಕು ಉಳಿಯುತ್ತಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ? ಈ ಪ್ರಶ್ನೆ ಇಟ್ಟುಕೊಂಡು ನಾನು ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ಆ ಅಮ್ಮನ ಕಥನ ಎಲ್ಲೂ ಸಿಗುವುದಿಲ್ಲ, ಬರೆಯೋಕೆ ಅವಳು ವಾಪಸ್ ಬರಲಿಲ್ಲ. ಇಬ್ಬರು ಅಕ್ಕಂದಿರು ಮಾತ್ರ ಬದುಕಿ ಉಳಿದರು. ಅದನ್ನು ಈ ಪುಸ್ತಕ ಹೇಳುವುದಿಲ್ಲ, ನಾನು ಬೇರೆ ಕಡೆ ಓದಿದೆ. ಅಮ್ಮನ ಜೊತೆ ಅವರು ಇನ್ನೂ ನಾಲ್ಕು ಹೆಜ್ಜೆ ಹೆಚ್ಚಿಗೆ ನಡೆದಿರಬೇಕು.

ಆಮೇಲಿನ ಮುಕ್ಕಾಲು ಭಾಗ ಅಪ್ಪ ಮಗನದು. ಪ್ಲಾಟ್‌ಫಾರಂ ಮೇಲೆ ಒಬ್ಬ ಕೈದಿ ಬಂದು ಹುಡುಗನ ವಯಸ್ಸು ಕೇಳುತ್ತಾನೆ. ಹದಿನೈದು ಅಂದರೆ, ಅಲ್ಲ, ಹದಿನೆಂಟು ಅನ್ನು ಅಂತ ಗದರುತ್ತಾನೆ. ಐವತ್ತು ಅಂದ ಅಪ್ಪನಿಗೆ ನಲವತ್ತು ಅನ್ನು ಅನ್ನುತ್ತಾನೆ. ಅಲ್ಲಿಂದ ಬುನಾ ಶಿಬಿರ. 1945ರ ಜನವರಿಯಲ್ಲಿ ಹಿಮದಲ್ಲಿ ಓಡಿಸಿಕೊಂಡು ಗ್ಲೈವಿಟ್ಜ್, ಕೊನೆಗೆ ಬುಖೆನ್‌ವಾಲ್ಡ್. ಹಸಿವು, ಏಟು, ಸಾವು ಎಲ್ಲವೂ ಇದೆ. ಒಂದು ಪುಟದಲ್ಲಿ ಒಬ್ಬ ಹುಡುಗನನ್ನು ಗಲ್ಲಿಗೆ ಹಾಕುತ್ತಾರೆ. ಈ ಪುಸ್ತಕ ಓದಿದವರೆಲ್ಲ ನೆನಪಿಟ್ಟುಕೊಳ್ಳುವ ಪುಟ ಅದು. ಈ ಸಲ ನಾನದನ್ನು ಓದಲಿಲ್ಲ. ಎಲ್ಲಿದೆ ಅಂತ ಗೊತ್ತಿತ್ತು, ಹಾಳೆ ತಿರುಗಿಸಿಬಿಟ್ಟೆ. ವಿಮರ್ಶೆ ಬರೆಯುವವಳು ಹೀಗೆ ಮಾಡಬಾರದು ಅಂದರೆ ಒಪ್ಪುತ್ತೇನೆ.

ಹಿಮದ ಓಟದ ಭಾಗದಲ್ಲಿ ರಬ್ಬಿ (ಯೆಹೂದಿ ಧರ್ಮಗುರು) ಎಲಿಯಾಹು ಎಂಬ ಮುದುಕರು ಬರುತ್ತಾರೆ. ಮೂರು ವರ್ಷ ಅಪ್ಪ ಮಗ ಶಿಬಿರದಿಂದ ಶಿಬಿರಕ್ಕೆ ಜೊತೆಯಲ್ಲೇ ಇದ್ದವರು. ಓಡುವಾಗ ತಪ್ಪಿಹೋದ ಮಗನನ್ನು ಹುಡುಕುತ್ತಿದ್ದಾರೆ. ನೋಡಿಲ್ಲ ಅನ್ನುತ್ತಾನೆ ನಮ್ಮ ಹುಡುಗ. ಆಮೇಲೆ ನೆನಪಾಗುತ್ತದೆ, ನೋಡಿದ್ದ. ಅಪ್ಪ ಕುಂಟುತ್ತಾ ಹಿಂದೆ ಬೀಳುವುದನ್ನು ಕಂಡೂ ಆ ಮಗ ಮುಂದೆ ಓಡಿದ್ದ. ನಾನು ಯಾವತ್ತೂ ಅವನ ಥರ ಆಗದ ಹಾಗೆ ಶಕ್ತಿ ಕೊಡು ಅಂತ ಹುಡುಗ ಬೇಡಿಕೊಳ್ಳುತ್ತಾನೆ. ತಾನು ನಂಬಿಕೆ ಕಳೆದುಕೊಂಡ ದೇವರ ಹತ್ತಿರವೇ.

ಇಪ್ಪತ್ತರಲ್ಲಿ ನಾನು ಈ ಹುಡುಗನ ಜೊತೆ ಕೈ ಮುಗಿದಿದ್ದೆ. ಎಂಥ ಮಗ ಅವನು, ಥೂ ಅಂದಿದ್ದೆ. ಈ ಸಲ ಆ ಪುಟದಲ್ಲಿ ನಾನು ರಬ್ಬಿಯ ಕಾಲಲ್ಲಿ ಕುಂಟುತ್ತಿದ್ದೆ. ಮುಂದೆ ನನ್ನ ಮಗ ಓಡುತ್ತಿದ್ದಾನೆ. ಅವನು ತಿರುಗಿ ನೋಡದೇ ಇರಲಿ ಅಂತ ನನಗೆ ಅನ್ನಿಸಿತು. ಓಡಲಿ. ನಾನು ಹುಡುಕಿಕೊಂಡು ಬರುವುದೂ ಅವನಿಗೆ ಗೊತ್ತಾಗದೇ ಇರಲಿ.

ಇದಾದ ಮೇಲೆ ಇಡೀ ಪುಸ್ತಕ ನನಗೆ ಬೇರೆ ಥರ ಕಂಡಿತು. ಇದು ಮಗ ಬರೆದ ಪುಸ್ತಕ. ಅಪ್ಪನಿಗೆ ನಾನು ಸಾಕಷ್ಟು ಮಾಡಲಿಲ್ಲ ಅನ್ನುವ ಕೊರಗು ಪ್ರತಿ ಪುಟದಲ್ಲೂ ಇದೆ. ಬುಖೆನ್‌ವಾಲ್ಡ್‌ನಲ್ಲಿ ಅಪ್ಪನಿಗೆ ಕಾಯಿಲೆ. ಇಲ್ಲಿ ಯಾರಿಗೂ ಅಪ್ಪ ಇಲ್ಲ, ತಮ್ಮ ಇಲ್ಲ, ನಿನ್ನ ಊಟ ಅವನಿಗೆ ಕೊಡೋದು ಬಿಡು, ಅವನದನ್ನೂ ನೀನೇ ತಿನ್ನು ಅಂತ ಬ್ಲಾಕಿನ ಮುಖ್ಯಸ್ಥ ಬುದ್ಧಿ ಹೇಳುತ್ತಾನೆ. ಒಂದೇ ಕ್ಷಣ ಹುಡುಗನಿಗೆ ಸರಿ ಅನ್ನಿಸುತ್ತದೆ. ಅನ್ನಿಸಿದ್ದಕ್ಕೇ ನಾಚಿಕೆಯಾಗಿ ಓಡಿ ಹೋಗಿ ಸೂಪ್ ತಂದು ಕೊಡುತ್ತಾನೆ. ಆ ಸೂಪ್ ಅಪ್ಪನಿಗೆ ಬೇಕಿತ್ತಾ? ನನ್ನ ಮಗನಿಗೆ ಜ್ವರ ಬಂದ ರಾತ್ರಿ ನಾನು ಊಟ ಮಾಡಿದೆನಾ ಇಲ್ಲವಾ ಅಂತ ನನಗೇ ನೆನಪಿರಲ್ಲ. ಅಪ್ಪ ಅಮ್ಮಂದಿರ ಹಸಿವು ಇಂಥ ಹೊತ್ತಲ್ಲಿ ಎಲ್ಲೋ ಹೋಗಿರುತ್ತದೆ. ಆದರೆ ಆ ಶಿಬಿರದಲ್ಲಿ ಅಪ್ಪಂದಿರೂ ಹಸಿದೇ ಇದ್ದರು. ಮಗನೊಬ್ಬ ರೊಟ್ಟಿ ಚೂರಿಗಾಗಿ ಅಪ್ಪನನ್ನೇ ಕೊಲ್ಲುವುದೂ ಇದೇ ಪುಸ್ತಕದಲ್ಲಿದೆ. ಆ ಅಪ್ಪ ರೊಟ್ಟಿಯಲ್ಲಿ ಮಗನಿಗೂ ಪಾಲು ಇಟ್ಟಿದ್ದ. ಹಾಗಾಗಿ ನನ್ನ ಜ್ವರದ ರಾತ್ರಿಯ ಹೋಲಿಕೆ ಅಲ್ಲಿ ನಿಲ್ಲಲ್ಲ, ವಾಪಸ್ ತಗೊಳ್ಳುತ್ತೇನೆ.

ಕೊನೆಯ ರಾತ್ರಿ ಅಪ್ಪ ಮಗನ ಹೆಸರು ಹಿಡಿದು ಕರೆಯುತ್ತಾರೆ. ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿ ಅಲ್ಲೇ ನಿಂತಿದ್ದಾನೆ, ಸುಮ್ಮನಿರು ಅಂತ ಅಪ್ಪನ ತಲೆಗೆ ಹೊಡೆಯುತ್ತಾನೆ. ಮಗ ಮೇಲಿನ ಮಂಚದಿಂದ ಅಲುಗುವುದಿಲ್ಲ. ಬೆಳಗ್ಗೆ ಕೆಳಗಿನ ಜಾಗದಲ್ಲಿ ಬೇರೆ ರೋಗಿ ಇರುತ್ತಾನೆ. ಅಪ್ಪ ಸತ್ತಿದ್ದು ಜನವರಿ ಕೊನೆಗೆ. ಶಿಬಿರಕ್ಕೆ ಬಿಡುಗಡೆ ಸಿಕ್ಕಿದ್ದು ಏಪ್ರಿಲ್ 11ಕ್ಕೆ. ಮುನ್ನುಡಿಯನ್ನು ಕೊನೆಗೆ ಓದಿ ಅಂದಿದ್ದು ಇದಕ್ಕೇ. ಇದೇ ರಾತ್ರಿಯ ಬಗ್ಗೆ, ಪುಸ್ತಕದಿಂದ ತೆಗೆದುಹಾಕಿದ್ದ ಭಾಗವನ್ನು ವೀಸೆಲ್ ಅಲ್ಲಿ ಮತ್ತೆ ಕೊಡುತ್ತಾರೆ. ಆ ಮುನ್ನುಡಿ ಬರೆಯುವಾಗ ಅವರಿಗೆ ಎಪ್ಪತ್ತೇಳರ ಆಸುಪಾಸು. ಅಷ್ಟು ವರ್ಷವಾದರೂ ತಾನು ಇಳಿದು ಹೋಗಲಿಲ್ಲ ಅನ್ನೋದನ್ನು ಅವರು ತಮಗೆ ತಾವೇ ಮಾಫಿ ಮಾಡಿಕೊಂಡಿರಲಿಲ್ಲ. ತಮ್ಮ ಒಬ್ಬನೇ ಮಗನಿಗೆ ಅಪ್ಪನ ಹೆಸರಿಟ್ಟರು, ಶ್ಲೋಮೊ ಅಂತ.

ಅದನ್ನು ಓದುವಾಗ ನನಗೆ ಕೂಗಿ ಹೇಳಬೇಕು ಅನ್ನಿಸಿತು, ಇಳೀಬೇಡ, ಅಲ್ಲೇ ಇರು ಅಂತ. ಅಪ್ಪ ಕರೆದಿದ್ದು ನಿಜ. ಜ್ವರದಲ್ಲಿ, ನೋವಿನಲ್ಲಿ ನಾನೂ ಕರೆಯುತ್ತೇನೆ. ಬಾ ಅಂತಲೇ ಕರೆಯುತ್ತೇನೆ. ಆದರೂ ಬರಬಾರದು.

ಇನ್ನು ಯಾರು ಓದಬಹುದು ಅನ್ನೋದು. ಹೊಸದಾಗಿ ತಾಯಿಯಾದವರು ಸ್ವಲ್ಪ ತಡೆಯಿರಿ, ಪುಸ್ತಕ ಎಲ್ಲೂ ಹೋಗಲ್ಲ. ಮಕ್ಕಳು ಮಲಗಿದ ಮೇಲೆ ಓದಬೇಡಿ, ಹಗಲು ಹೊತ್ತು ಓದಿ. ರಾತ್ರಿ ಓದಿದರೆ ಎದ್ದು ಹೋಗಿ ಅವರ ಉಸಿರು ನೋಡಿ ಬರೋದೇ ಕೆಲಸವಾಗುತ್ತದೆ. ಹತ್ತು ಹನ್ನೆರಡು ವರ್ಷದವರಿಗೆ ನಾನಂತೂ ಕೊಡಲ್ಲ. ಹದಿಮೂರು ಹದಿನಾಲ್ಕಕ್ಕೆ ಕೊಡುವುದಾದರೆ ನೀವು ಮೊದಲು ಓದಿ, ಪಕ್ಕದಲ್ಲಿ ಕೂರಿ. ಐದಕ್ಕೆ ಎಷ್ಟು ಸ್ಟಾರ್ ಅಂತ ಕೇಳಬೇಡಿ. ನಾನು ಪೂರ್ತಿ ಓದಿಯೂ ಇಲ್ಲವಲ್ಲ.

ನನ್ನ ಮಗನಿಗೆ ಹದಿಮೂರು. ಸ್ಟೂಲ್ ಇಲ್ಲದೇ ಕಪಾಟಿನ ಮೇಲಿನದು ಅವನಿಗೆ ಸಿಗುತ್ತದೆ ಅನ್ನೋದು ನನ್ನ ತಲೆಗೇ ಹೋಗಿರಲಿಲ್ಲ. ಮೊನ್ನೆ ನೋಡಿದರೆ ಮೊದಲ ಇಪ್ಪತ್ತು ಪುಟ ಓದಿಬಿಟ್ಟಿದ್ದ. ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ.

‘ಅಮ್ಮಾ, ಮಾರಿಯಾ ಕರೆದಾಗ ಆ ಹುಡುಗ ಯಾಕೆ ಹೋಗಲಿಲ್ಲ? ಅವರಪ್ಪ ಹೋಗು ಅಂದಿದ್ರಲ್ಲ.’

‘ಅಪ್ಪ ಅಮ್ಮನ್ನ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನಾನಾಗಿದ್ರೂ ಹೋಗ್ತಿರಲಿಲ್ಲ’ ಅಂದ. ನನಗೆ ಖುಷಿಯಾಗಲಿ ಅಂತಲೇ ಅಂದಿದ್ದು ಅದು.

‘ಹೋಗ್ಬೇಕು’ ಅಂದೆ.